ಕನ್ನಡ ಬಾವುಟ: ಬಣ್ಣ, ಲಾಂಛನ ಮತ್ತು ಅಧಿಕಾರ

ಕನ್ನಡ ಬಾವುಟವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅದರ ಮಾನ್ಯತೆಯ ಸುತ್ತಲೇ ನಡೆದಿದೆ. ಹಳದಿ-ಕೆಂಪು ಬಾವುಟಕ್ಕೆ ಕಾನೂನಿನ ಮುದ್ರೆ ಬೇಕೇ, ಬೇಡವೇ ಎಂಬ ವಾದದಲ್ಲಿ ಅದರ ವಿನ್ಯಾಸದ ವಿಚಾರ ಹಿಂದೆ ಸರಿದಿದೆ. ಧ್ವಜ ಮತ್ತು ಲಾಂಛನ ಎಂಬ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡಿದಲ್ಲಿ ಮಾನ್ಯತೆಯ ಪ್ರಶ್ನೆಯೂ ಸ್ಪಷ್ಟವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

1. ಧ್ವಜ ಮತ್ತು ಲಾಂಛನ

ನಮ್ಮ ಶಾಸನಗಳು ಇವೆರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತವೆ. ಕದಂಬ ಮನೆತನದ ಅರಸರು ವಾನರಧ್ವಜ ಮತ್ತು ಸಿಂಹಲಾಂಛನವುಳ್ಳವರು. ರಾಷ್ಟ್ರಕೂಟರದು ಪಾಳಿಧ್ವಜ ಮತ್ತು ಗರುಡಲಾಂಛನ. ಲಾಂಛನವು ತಾಮ್ರಪಟದ ಮುದ್ರೆಯಲ್ಲಿದ್ದು ರಾಜಾಜ್ಞೆಯನ್ನು ಪ್ರಮಾಣೀಕರಿಸುತ್ತದೆ. ಧ್ವಜವಾದರೋ ದೂರದಿಂದ ಕಾಣಿಸಿಕೊಂಡು ಜನರನ್ನು ಒಂದೆಡೆ ಕೂಡಿಸುತ್ತದೆ. ಮೊದಲನೆಯದು ಅಧಿಕಾರದ ಗುರುತು, ಎರಡನೆಯದು ಸಮೂಹದ ಗುರುತು.

ಗಂಡಭೇರುಂಡದ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕ್ರಿ.ಶ. 1047ರ ಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿಯೂ ಕೆಳದಿಯ ರಾಮೇಶ್ವರ ದೇವಾಲಯದ ಶಿಲ್ಪದಲ್ಲಿಯೂ ಈ ದ್ವಿಶಿರ ಪಕ್ಷಿ ಕಾಣಿಸುತ್ತದೆ. ಮುಂದೆ ಅದು ಮೈಸೂರು ಒಡೆಯರ ರಾಜಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನದ ನಡುವೆ ನೆಲೆಗೊಂಡಿದೆ. ಅರಸೊತ್ತಿಗೆಯಿಂದ ಪ್ರಜಾಸರ್ಕಾರಕ್ಕೆ ಬಂದರೂ ಅದು ಆಳ್ವಿಕೆಯ ಸಂಕೇತವಾಗಿಯೇ ಉಳಿದಿದೆ ಎಂಬುದು ಗಮನಾರ್ಹ.

2. ಹಳದಿ-ಕೆಂಪು ಬಾವುಟ

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಆದರೆ ರಾಜಧಾನಿಯಲ್ಲಿಯೇ ಕನ್ನಡಕ್ಕೆ ತಕ್ಕ ಸ್ಥಾನವಿಲ್ಲವೆಂಬ ಅಸಮಾಧಾನ ಉಳಿಯಿತು. 1960ರ ದಶಕದ ಕನ್ನಡ ಚಳವಳಿ ಈ ಅಸಮಾಧಾನದ ಫಲ. ಅದರ ಮುಂದಾಳುಗಳಲ್ಲೊಬ್ಬರಾದ, ಪತ್ರಕರ್ತರೂ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದ ಮ. ರಾಮಮೂರ್ತಿಯವರು ಬಾವುಟವನ್ನು ರೂಪಿಸಿದರು. ಅದು ಕನ್ನಡ ಪಕ್ಷದೊಂದಿಗೆ ಸಂಬಂಧ ಹೊಂದಿತ್ತಾದರೂ ಕ್ರಮೇಣ ಪಕ್ಷದ ಎಲ್ಲೆಯನ್ನು ಮೀರಿ ಸಮಸ್ತ ಕನ್ನಡಿಗರದಾಯಿತು.

ಇಂದು ಬಳಕೆಯಲ್ಲಿರುವ ರೂಪ ಅತ್ಯಂತ ಸರಳ: ಮೇಲೆ ಹಳದಿ, ಕೆಳಗೆ ಕೆಂಪು. ಜನಮನದಲ್ಲಿ ಇವು ಅರಿಶಿನ-ಕುಂಕುಮದ ಬಣ್ಣಗಳು. ಮನೆಯ ಹೊಸ್ತಿಲಿನಿಂದ ಬಂದ ಈ ಅರ್ಥ ನಾಡನ್ನು ತಾಯಿಯೆಂದು ಕಾಣುವ ಭಾವನೆಗೆ ಹೊಂದುತ್ತದೆ. ಇಲ್ಲಿ ಲಾಂಛನವಿಲ್ಲ, ಅಕ್ಷರವಿಲ್ಲ. ಎರಡು ತುಂಡು ಬಟ್ಟೆಯನ್ನು ಜೋಡಿಸಿ ಹೊಲಿದರೆ ಬಾವುಟ ಸಿದ್ಧ. ಆಟೋ ನಿಲ್ದಾಣದ ಕಂಬದಿಂದ ರಾಜ್ಯೋತ್ಸವದ ವೇದಿಕೆಯವರೆಗೆ ಅದು ಹಬ್ಬಿದ್ದರಲ್ಲಿ ಈ ಸರಳತೆಯ ಪಾಲು ದೊಡ್ಡದು. ಯಾರ ಅಪ್ಪಣೆಯನ್ನೂ ಬೇಡದ ವಿನ್ಯಾಸವಿದು.

3. ಮಾನ್ಯತೆಯ ಯತ್ನಗಳು

ರಾಜ್ಯಗಳಿಗೆ ಪ್ರತ್ಯೇಕ ಧ್ವಜವಿರಬೇಕೆಂಬ ವಿಧಿಯಾಗಲಿ, ಇರಬಾರದೆಂಬ ನಿಷೇಧವಾಗಲಿ ನಮ್ಮ ಸಂವಿಧಾನದಲ್ಲಿಲ್ಲ. ಜಮ್ಮು-ಕಾಶ್ಮೀರಕ್ಕೆ ತನ್ನದೇ ಧ್ವಜವಿತ್ತಾದರೂ ಅದು ವಿಶೇಷ ಸ್ಥಾನಮಾನದೊಂದಿಗೆ 2019ರಲ್ಲಿ ಕೊನೆಗೊಂಡಿತು. ಕರ್ನಾಟಕದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ಕನ್ನಡ ಬಾವುಟ ಹಾರಿಸುವ ಆದೇಶವು 2012ರಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಹಿಂತೆಗೆದುಕೊಳ್ಳಲ್ಪಟ್ಟಿತು. 2017ರಲ್ಲಿ ಸರ್ಕಾರ ಒಂಬತ್ತು ಸದಸ್ಯರ ಸಮಿತಿಯನ್ನು ರಚಿಸಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸ ನಾಡಧ್ವಜದ ವಿನ್ಯಾಸವನ್ನು ಅನಾವರಣಗೊಳಿಸಿದರು. ಹಳದಿ ಮತ್ತು ಕೆಂಪಿನ ನಡುವೆ ಬಿಳಿಯ ಪಟ್ಟಿ, ಅದರಲ್ಲಿ ಗಂಡಭೇರುಂಡವುಳ್ಳ ರಾಜ್ಯಲಾಂಛನ. ಒಪ್ಪಿಗೆಗಾಗಿ ಕೇಂದ್ರಕ್ಕೆ ಸಲ್ಲಿಸಿದ ಆ ವಿನ್ಯಾಸ ಅಧಿಕೃತ ಧ್ವಜವಾಗಲಿಲ್ಲ.

ಬಿಳಿಯ ಪಟ್ಟಿಗೆ ಕನ್ನಡ ಸಂಘಟನೆಗಳಲ್ಲಿ ಕೆಲವು ವಿರೋಧ ವ್ಯಕ್ತಪಡಿಸಿದ್ದನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕಲಾಗದು. ಬಿಳಿಯು ಲಾಂಛನಕ್ಕೆ ನೆಲೆ ಒದಗಿಸಿತು, ನಿಜ. ಆದರೆ ಅರಿಶಿನ-ಕುಂಕುಮದ ಜೋಡಿಯನ್ನು ಬೇರ್ಪಡಿಸಿತು. ಶಾಸನಗಳು ಪ್ರತ್ಯೇಕವಾಗಿ ಹೆಸರಿಸಿದ ಧ್ವಜ-ಲಾಂಛನಗಳು ಇಲ್ಲಿ ಒಂದಾದುದರಿಂದ, ಜನರ ಬಾವುಟ ಸರ್ಕಾರದ ಮುದ್ರೆಯನ್ನು ಹೊರಬೇಕಾಯಿತು.

4. ಉಪಸಂಹಾರ

ಹಾಗೆಂದು ಮಾನ್ಯತೆಯ ಬೇಡಿಕೆ ನಿರಾಧಾರವಲ್ಲ. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟವನ್ನು ಸುಟ್ಟಾಗ ನಾಡಿನಾದ್ಯಂತ ಪ್ರತಿಭಟನೆ ನಡೆಯಿತು. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ ರಾಷ್ಟ್ರಧ್ವಜಕ್ಕೆ ನೀಡುವ ರಕ್ಷಣೆ ಈ ಬಾವುಟಕ್ಕಿಲ್ಲ. ಅಪ್ಪಣೆ ಬೇಡದ ಬಾವುಟಕ್ಕೆ ಆಸರೆಯೂ ಇಲ್ಲವೆಂಬುದು ಅದರ ಸ್ವಾತಂತ್ರ್ಯದ ಇನ್ನೊಂದು ಮುಖ.

ಆದ್ದರಿಂದ ರಕ್ಷಣೆ ಮತ್ತು ವಿನ್ಯಾಸ ಇವೆರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ. ಕಾನೂನಿನ ರಕ್ಷಣೆ ದೊರೆಯಲು ಬಾವುಟ ರೂಪಾಂತರ ಹೊಂದಲೇಬೇಕೆಂದಿಲ್ಲ. ಗಂಡಭೇರುಂಡ ಕಚೇರಿಯ ಕಾಗದದ ಮೇಲೆ, ಹಳದಿ-ಕೆಂಪು ಜನರ ಕೈಯಲ್ಲಿ ಎಂಬ ಈಗಿನ ವಿಭಜನೆ ಶಾಸನಕಾಲದ ವಿವೇಕಕ್ಕೆ ಹತ್ತಿರವಾದುದು. ಮುಂದೆ ಯಾವುದೇ ನಿರ್ಣಯ ಕೈಗೊಳ್ಳುವಾಗಲೂ ಈ ವಿವೇಕವನ್ನು ಗಮನದಲ್ಲಿರಿಸಿಕೊಳ್ಳುವುದು ಅಗತ್ಯ.