ಮನೆ ಬದಲಾಯಿತು, ಸಿಗ್ನಲ್ ಹೋಯಿತು, ರೀಚಾರ್ಜ್ ಉಳಿಯಿತು

ಆಷಾಢ ಕಳೆಯಲಿ ಎಂದು ಕಾದು, ಶ್ರಾವಣದ ಒಂದು ಶುಕ್ರವಾರ ಹೊಸ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದೆವು. ಸಾಮಾನು ತರುತ್ತಿದ್ದ ಟೆಂಪೊದವನು ದಾರಿ ಕೇಳಲು ಮೂರು ಸಲ ಕರೆ ಮಾಡಿದ್ದನಂತೆ. ನಮಗೆ ಒಂದೂ ತಲುಪಲಿಲ್ಲ. ಸಂಜೆಯ ಹೊತ್ತಿಗೆ ಮನೆಯ ಭೂಗೋಳ ಅರ್ಥವಾಯಿತು. ಅಡುಗೆಮನೆ ಕಿಟಕಿಯ ಸರಳಿಗೆ ಒರಗಿಸಿಟ್ಟರೆ ಫೋನಿಗೆ ಎರಡು ಕಡ್ಡಿ, ಕೈಗೆತ್ತಿಕೊಂಡರೆ ಸೊನ್ನೆ. ಒಂದು ವರ್ಷದ ರೀಚಾರ್ಜ್ ಮಾಡಿಸಿ ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ.

ಕಸ್ಟಮರ್ ಕೇರ್‌ನಿಂದ ಬಂದ ಉತ್ತರ: 'ಪ್ಲಾನ್ ಮುಗಿಯುವವರೆಗೆ ಏನೂ ಮಾಡಕ್ಕಾಗಲ್ಲ ಸಾರ್.' ಈ ಮಾತು ಅರ್ಧ ಸುಳ್ಳು. ಕಂಪನಿ ಬಿಟ್ಟು ಹೋಗುವುದು ನಿಮ್ಮ ಹಕ್ಕು. ಅದಕ್ಕೆ ಪ್ಲಾನ್ ಅಡ್ಡಿಯಲ್ಲ. ಕಟ್ಟಿದ ಹಣ ವಾಪಸ್ ಪಡೆಯುವುದು ಬೇರೆಯೇ ಜಗಳ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದವರು ಎರಡರಲ್ಲೂ ಸೋಲುತ್ತಾರೆ.

ಮೊದಲು ಬಿಡುವ ದಾರಿ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಪೋರ್ಟಿಂಗ್ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿಯಲ್ಲಿ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿ ನಂಬರನ್ನು 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದರ ಆಯುಸ್ಸು 4 ದಿನ ಮಾತ್ರ. (ಎಸ್‌ಎಂಎಸ್ ಕಳಿಸಲೂ ಸಿಗ್ನಲ್ ಬೇಕಲ್ಲ! ನಾನು ಬೀದಿ ತುದಿಯ ಹಾಲಿನ ಬೂತಿನ ಮುಂದೆ ನಿಂತು ಕಳಿಸಿದೆ.) ಕೋಡ್ ಮತ್ತು ಗುರುತಿನ ದಾಖಲೆ ಹಿಡಿದು ಹೊಸ ಕಂಪನಿಯ ಮಳಿಗೆಗೆ ಹೋಗಿ. ಇಡೀ ಕರ್ನಾಟಕ ಒಂದೇ ಸರ್ಕಲ್. ಬೆಂಗಳೂರಿನಿಂದ ಶಿರಸಿಗೆ ಹೋದರೂ 3 ಕೆಲಸದ ದಿನಗಳಲ್ಲಿ ಮುಗಿಯಬೇಕು. ಹೊರರಾಜ್ಯದ ಸರ್ಕಲ್‌ಗಾದರೆ 5 ದಿನ.

ಕೋಡ್ ಕೊಡದಿರಲು ಕಂಪನಿಗೆ ಕಾರಣಗಳಿವೆ, ಆದರೆ ಬೆರಳೆಣಿಕೆಯಷ್ಟು. ಆ ಕಂಪನಿಯಲ್ಲಿ 90 ದಿನ ಆಗಿರದಿದ್ದರೆ, ಕಳೆದ 7 ದಿನಗಳಲ್ಲಿ ಸಿಮ್ ಬದಲಿಸಿದ್ದರೆ, ಪೋಸ್ಟ್‌ಪೇಯ್ಡ್ ಬಿಲ್ ಗಡುವು ಮೀರಿ ಬಾಕಿಯಿದ್ದರೆ ನಿರಾಕರಿಸಬಹುದು. ಮನೆ ಬದಲಿಸಿದವರು ಈ ಕೊನೆಯದರಲ್ಲೇ ಸಿಕ್ಕಿಬೀಳುವುದು; ಬಿಲ್ ಹಳೆಯ ವಿಳಾಸಕ್ಕೆ ಹೋಗಿ ಬಾಗಿಲ ಸಂದಿಯಲ್ಲಿ ಕೂತಿರುತ್ತದೆ. ಇನ್ನೊಂದು, ಒಪ್ಪಂದದಲ್ಲಿ ನಿರ್ಗಮನ ಷರತ್ತಿದ್ದು ಅದನ್ನು ಪೂರೈಸಿರದಿದ್ದರೆ. ಕಂತಿನ ಮೇಲೆ ಹ್ಯಾಂಡ್‌ಸೆಟ್ ಕೊಟ್ಟ ಪ್ಲಾನ್‌ಗಳಲ್ಲಿ ಇಂಥದ್ದಿದ್ದರೆ ಅದನ್ನು ಮೊದಲೇ ಓದಿಕೊಳ್ಳಿ. ಪ್ರೀಪೇಯ್ಡ್ ಪ್ಲಾನ್ ಇನ್ನೂ ಎಂಟು ತಿಂಗಳಿದೆ ಎನ್ನುವುದು ನಿರಾಕರಣೆಗೆ ಕಾರಣವೇ ಅಲ್ಲ. ಆದರೆ ಪೋರ್ಟ್ ಆದ ಕ್ಷಣ ಆ ಎಂಟು ತಿಂಗಳು ಗಂಗೆಪಾಲು. ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ.

ಹಾಗಾಗಿ ಪೋರ್ಟ್ ಮಾಡುವ ಮುನ್ನ ದೂರು ದಾಖಲಿಸಿ. ದೂರಿಗೆ 198, ಶುಲ್ಕವಿಲ್ಲ. ಮಾತಾಡಿದ್ದು ಲೆಕ್ಕಕ್ಕಿಲ್ಲ, ಡಾಕೆಟ್ ಸಂಖ್ಯೆ ಬಂದರಷ್ಟೇ ದೂರು. ಪರಿಹಾರ ಸಿಗದಿದ್ದರೆ ಅಥವಾ ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ; ಅದಕ್ಕೂ ಹಣವಿಲ್ಲ, 39 ದಿನಗಳಲ್ಲಿ ತೀರ್ಮಾನ ಹೇಳಬೇಕು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮಗಳು ಹೀಗೆನ್ನುತ್ತವೆ. ಅನೇಕರು ನೇರ ಟ್ರಾಯ್‌ಗೇ ಪತ್ರ ಬರೆದು ಕಾಯುತ್ತಾರೆ; ಅದು ಬಿಡಿ ಗ್ರಾಹಕರ ದೂರು ವಿಚಾರಿಸುವ ಸಂಸ್ಥೆಯಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಫೋನ್ ವ್ಯಾಜ್ಯ ಗ್ರಾಹಕ ವೇದಿಕೆಗೆ ಬರುವುದಿಲ್ಲ ಎಂಬ ಮಾತನ್ನು ಈಗಲೂ ಕೆಲವು ವಕೀಲರ ಬಾಯಲ್ಲಿ ಕೇಳಬಹುದು. 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ 2009ರಲ್ಲಿ ಹಾಗೆ ಹೇಳಿದ್ದು ನಿಜ. ಆದರೆ ತಿಂಗಳಿಗೆ ಸರಾಸರಿ ₹555 ಬಿಲ್ ಬರುತ್ತಿದ್ದ ಗ್ರಾಹಕರೊಬ್ಬರಿಗೆ ಒಮ್ಮೆಲೇ ₹24,609 ಬಿಲ್ ಬಂದ ಅಹಮದಾಬಾದಿನ ಪ್ರಕರಣದಲ್ಲಿ, 2022ರ ಫೆಬ್ರವರಿ 16ರಂದು ಅದೇ ಕೋರ್ಟು ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಈಗ ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಊರು ಬಿಟ್ಟು ಬಂದವರಿಗೆ ಇದು ದೊಡ್ಡ ಅನುಕೂಲ. ಕಾಲಮಿತಿ 2 ವರ್ಷ. ಸೇವೆಗೆ ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ.

ಇನ್ನು ಕಹಿ ಮಾತು. ಸೇವಾ ನ್ಯೂನತೆಯನ್ನು ರುಜುವಾತು ಮಾಡಬೇಕಾದವರು ನೀವೇ. ಮಲಗುವ ಕೋಣೆಯಲ್ಲೂ ಸಿಗ್ನಲ್ ಕೊಡುತ್ತೇವೆಂದು ಯಾವ ಕಂಪನಿಯೂ ಬರೆದುಕೊಟ್ಟಿರುವುದಿಲ್ಲ. ಗುಣಮಟ್ಟದ ಅಳತೆಯೂ ನಿಮ್ಮ ಮನೆಯನ್ನು ನೋಡುವುದಿಲ್ಲ. ಕಡಿತಗೊಂಡ ಪ್ರತಿ ಕರೆಗೆ ₹1 ಕೊಡಿಸುವ ಟ್ರಾಯ್ ನಿಯಮವನ್ನು ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ರದ್ದುಮಾಡಿತು. ಹಾಗಾದರೆ ಕೈಯಲ್ಲಿ ಏನಿದೆ? 2024ರ ಗುಣಮಟ್ಟ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಎಲ್ಲೆಲ್ಲಿ 4ಜಿ, 5ಜಿ ಸಿಗುತ್ತದೆಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ನಕ್ಷೆ ನಿಮ್ಮ ಬೀದಿಗೆ ಬಣ್ಣ ಬಳಿದಿದ್ದು ಬೀದಿಯಲ್ಲೂ ಕರೆ ಹೋಗದಿದ್ದರೆ, ಆ ಪುಟದ ಸ್ಕ್ರೀನ್‌ಶಾಟೇ ನಿಮ್ಮ ಮೊದಲ ಸಾಕ್ಷಿ. ಜೊತೆಗೆ ಹತ್ತು ದಿನ ಬೆಳಗ್ಗೆ, ರಾತ್ರಿ ಎಲ್ಲಿ ನಿಂತು ಎಷ್ಟು ಸಿಗ್ನಲ್ ಎಂದು ಒಂದು ಹಾಳೆಯಲ್ಲಿ ಬರೆದಿಡಿ, ಅಕ್ಕಪಕ್ಕದವರ ಹೇಳಿಕೆಯೂ ಇರಲಿ. ಇಡೀ ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಹೆಚ್ಚು ಸ್ಥಗಿತವಾದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ಹೆಚ್ಚುವರಿ ದಿನ ಸಿಗಬೇಕು. ನಿಮ್ಮೊಬ್ಬರ ಮನೆಗೆ ಅದು ಅನ್ವಯಿಸದು.

ಸಿಟ್ಟಿಗೆದ್ದು ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಿಸಬೇಡಿ. ಪರವಾನಗಿ ಇಲ್ಲದೆ ಅದನ್ನು ಅಳವಡಿಸುವುದು ಅಪರಾಧ, ಅದೂ ಸಾಲದೆಂಬಂತೆ ನೆರೆಯವರ ಸಿಗ್ನಲ್ಲೂ ಕೆಡುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ನನ್ನ ಮಟ್ಟಿಗೆ ವಾರ್ಷಿಕ ರೀಚಾರ್ಜನ್ನು ಉಳಿಸಿಕೊಟ್ಟದ್ದು ಅದೇ. ಮುಂದಿನ ಸಲ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಇರುವ ವೋಚರ್ ಕೇಳಿ. ಅಂಥದ್ದೊಂದನ್ನು ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ.

ಇನ್ನೂ ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ನಲ್ಲಿ ತಿರುಗಿಸಿ ನೀರು ನೋಡುತ್ತೀರಲ್ಲ, ಹಾಗೆಯೇ ಬಾಗಿಲು ಹಾಕಿಕೊಂಡು ಒಳಕೋಣೆಯಿಂದ ಒಂದು ಕರೆ ಮಾಡಿ ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.