ಪಿಎಚ್ ಅಂಕಿಯ ಬೆನ್ನು ಹತ್ತಬೇಡಿ

ಅಕ್ವೇರಿಯಂ ನೀರಿನ ಪಿಎಚ್ ಸರಿಯಾಗಿ 7 ಇರಲೇಬೇಕೆಂದು ಆಸಿಡ್ ಬಾಟಲಿ ತಂದು ಹನಿಸುವವರಿಗೆ ಒಂದು ಮಾತು: ಬಾಟಲಿ ಪಕ್ಕಕ್ಕಿಡಿ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್‌ಗಳು 7.8ರಲ್ಲೂ ಆರಾಮಾಗಿರುತ್ತವೆ. ಅವುಗಳನ್ನು ಹೈರಾಣ ಮಾಡುವುದು ಏರಿಳಿತ.

ಪಿಎಚ್ ಅನ್ನು ಹಿಡಿದು ನಿಲ್ಲಿಸುವುದು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್. ಅದರ ಅಳತೆಯೇ ಕೆಎಚ್. ಬೋರ್‌ವೆಲ್ ನೀರಿನಲ್ಲಿ ಇದು ಸಾಮಾನ್ಯವಾಗಿ ಧಾರಾಳ. ಅದಕ್ಕೇ ಇವತ್ತು ಆಸಿಡ್ ಹಾಕಿ ಇಳಿಸಿದ ಅಂಕಿ ನಾಳೆ ಮತ್ತೆ ಮೇಲೇರುತ್ತದೆ, ಮೀನಿಗೆ ಎರಡೆರಡು ಸಲ ಆಘಾತ. ಆರ್‌ಓ ನೀರಿನಲ್ಲಿ ಕೆಎಚ್ ಇಲ್ಲವೆನ್ನುವಷ್ಟು ಕಡಿಮೆ. ಮೀನಿನ ಹೊಲಸನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ದಿನವೂ ಆಮ್ಲ ಹುಟ್ಟಿಸುತ್ತವೆ. ಇದ್ದಬದ್ದ ಕೆಎಚ್ ಮುಗಿದೊಡನೆ ಪಿಎಚ್ ದಡಕ್ಕನೆ ಕುಸಿಯುತ್ತದೆ. ಆದ್ದರಿಂದ ಬರೀ ಆರ್‌ಓ ನೀರು ತುಂಬಬೇಡಿ, ನಲ್ಲಿ ನೀರು ಬೆರೆಸಿ. ಕೆಎಚ್ 4 ಡಿಗ್ರಿಗಿಂತ ಕೆಳಗಿದ್ದರೆ ಫಿಲ್ಟರಿನಲ್ಲಿ ಒಂದು ಹಿಡಿ ಹವಳದ ಚೂರು ಕಟ್ಟಿಡಿ. ನಿಧಾನ ಕರಗುತ್ತದೆ, ಅದೇ ಅದರ ಗುಣ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹಿಂದಿನ ದಿನವೇ ಬಕೆಟಿನಲ್ಲಿ ಹಿಡಿದು ಗಾಳಿ ಪಂಪು ಬಿಟ್ಟಿಡಿ. ಬೋರ್ ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋದ ಮೇಲಷ್ಟೇ ನಿಜವಾದ ಪಿಎಚ್ ತಿಳಿಯುವುದು. ತಿಂಗಳುಗಟ್ಟಲೆ ಬದಲಿಸದ ತೊಟ್ಟಿಯಾದರೆ ಒಂದೇ ಸಲಕ್ಕೆ ಅರ್ಧ ಚೆಲ್ಲಬೇಡಿ. ಅಲ್ಲಿ ಪಿಎಚ್ ಇಳಿದಿರುತ್ತದೆ; ಹೊಸ ನೀರಿನಿಂದ ಅದು ಹಠಾತ್ತನೆ ಏರಿದರೆ ಹೊಲಸಿನಿಂದ ಬಂದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ದಿನಕ್ಕೆ ಸ್ವಲ್ಪಸ್ವಲ್ಪವೇ ಬದಲಿಸಿ.