ಪರದೆಗೆ ಮರುಳಾಗುವ ಮೊದಲು ಬೋಟಿನ ತಳ ನೋಡಿ

ಜೂನ್ 1ರಿಂದ ಜುಲೈ 31ರ ವರೆಗೆ ಕರ್ನಾಟಕ ಕರಾವಳಿಯ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು, ಗಂಗೊಳ್ಳಿಗಳಲ್ಲಿ ಬೋಟು ಮೇಲೆಳೆದು ಬಣ್ಣ, ರಿಪೇರಿ ಮಾಡಿಸುವ ಕಾಲ; ಹೊಸ ಫಿಶ್ ಫೈಂಡರ್ ಕೂರಿಸಲೂ ಇದೇ ಹದ. ಆದರೆ ಅಂಗಡಿಗೆ ಹೋದ ಮಾಲೀಕ ದೊಡ್ಡ ಬಣ್ಣದ ಪರದೆ ಕಂಡು ಹಣವನ್ನೆಲ್ಲ ಅಲ್ಲೇ ಸುರಿಯುತ್ತಾನೆ. ನೀರಿಗೆ ಸದ್ದು ಬಿಟ್ಟು ಮರಳಿ ಬಂದದ್ದನ್ನು ಕೇಳಿಸಿಕೊಳ್ಳುವ ಟ್ರಾನ್ಸ್‌ಡ್ಯೂಸರ್‌ಗೆ ಮಿಕ್ಕ ಚಿಲ್ಲರೆ. ಅದಕ್ಕೆ ಕೇಳಿಸದ್ದು ಎಷ್ಟು ದೊಡ್ಡ ಪರದೆಯಲ್ಲೂ ಕಾಣದು.

1. ಮೊದಲು ಮಾರು ಲೆಕ್ಕ. ನಮ್ಮ ಬಲೆ ಹೆಚ್ಚಾಗಿ ಎಷ್ಟು ಮಾರು ನೀರಲ್ಲಿ ಬೀಳುತ್ತದೆ ಎಂದು ತಾಂಡೇಲರನ್ನು ಕೇಳಿ. ಐವತ್ತು ಮಾರೆಂದರೆ ಸುಮಾರು 90 ಮೀಟರ್. ಎಂದೋ ಒಮ್ಮೆ ಹೋಗುವ ಆಳಕ್ಕಲ್ಲ, ದಿನಾ ದುಡಿಯುವ ಆಳಕ್ಕೆ ಕೊಳ್ಳಿ.

2. ಫ್ರೀಕ್ವೆನ್ಸಿಯಲ್ಲಿ ಎಡವಬೇಡಿ. ಉಳಿದದ್ದರಲ್ಲಿ ಅಷ್ಟಿಷ್ಟು ತಪ್ಪಿದರೂ ನಡೆದೀತು, ಇಲ್ಲಿ ತಪ್ಪಿದರೆ ವರ್ಷವಿಡೀ ಪರದಾಟ. ಸಮುದ್ರದ ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 50 ಕಿಲೋಹರ್ಟ್ಸ್‌ನಲ್ಲಿ ಅದರ ಅಲೆ 3 ಸೆಂಟಿಮೀಟರ್ ಉದ್ದ, 200ರಲ್ಲಿ ಮುಕ್ಕಾಲು ಸೆಂಟಿಮೀಟರ್. ಸಣ್ಣ ಅಲೆ ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಉಪ್ಪುನೀರು ಅದನ್ನು ಬೇಗ ನುಂಗಿಬಿಡುತ್ತದೆ. ದೊಡ್ಡ ಅಲೆ ಆಳಕ್ಕಿಳಿಯುತ್ತದೆ, ಚಿತ್ರ ಮಾತ್ರ ಒರಟು.

ಸದ್ದು ಟಾರ್ಚಿನ ಬೆಳಕಿನಂತೆ ಕೆಳಗೆ ಹೋದಷ್ಟೂ ಅಗಲವಾಗುತ್ತದೆ. 12 ಡಿಗ್ರಿ ಕೋನದ 200 ಕಿಲೋಹರ್ಟ್ಸ್ ಟ್ರಾನ್ಸ್‌ಡ್ಯೂಸರ್ 100 ಮೀಟರ್ ಆಳದಲ್ಲಿ 21 ಮೀಟರ್ ಅಗಲದ ವೃತ್ತ ನೋಡುತ್ತದೆ. 45 ಡಿಗ್ರಿಯ 50 ಕಿಲೋಹರ್ಟ್ಸ್‌ನದು ಸುಮಾರು 83 ಮೀಟರ್. ಅಗಲವಿದ್ದರೆ ಒಳ್ಳೆಯದೇ ತಾನೆ ಎನ್ನಬೇಡಿ. ಇಳಿಜಾರು ತಳದಲ್ಲಿ ಏರಿನ ಬದಿಯ ಸದ್ದು ಮೊದಲು ಮರಳಿ ಬಂದು, ತಗ್ಗಿನಲ್ಲಿ ತಳಕ್ಕೆ ಅಂಟಿಕೊಂಡ ಮೀನನ್ನು ಮುಚ್ಚಿಬಿಡುತ್ತದೆ. ಇತ್ತ ತೀರಾ ಕಿರಿದಾದ ಕೋನ, ಬೋಟು ಹೊಯ್ದಾಡುವಾಗ ನೆಟ್ಟಗೆ ಕೆಳಗಿನದನ್ನೇ ತಪ್ಪಿಸುತ್ತದೆ. ಎರಡೂ ಇರುವ 50/200 ಜೋಡಿಯೇ ಆಳಸಮುದ್ರದ ಟ್ರಾಲ್ ಬೋಟಿಗೆ ಜಾಣ ಆಯ್ಕೆ ಎಂಬುದು ನನ್ನ ಮತ.

3. ಕೈಯಲ್ಲಿ ಹಣವಿದ್ದರೆ ಚರ್ಪ್. ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದು ಮಿಲಿಸೆಕೆಂಡಿನ ಸದ್ದು ಬಿಟ್ಟರೆ, ಮೇಲೆ ಕೆಳಗೆ 75 ಸೆಂಟಿಮೀಟರಿಗಿಂತ ಹತ್ತಿರವಿರುವ ಎರಡು ಮೀನು ಒಂದಾಗಿ ಕಾಣುತ್ತವೆ. ಚರ್ಪ್ ಹಲವು ಫ್ರೀಕ್ವೆನ್ಸಿಗಳನ್ನು ಸಾಲಾಗಿ ಬಿಡುವುದರಿಂದ ಆ ಅಂತರ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ತಳ ಬಿಡದ ರಾಣಿ ಮೀನಿನ ಬೆನ್ನು ಹತ್ತುವವರಿಗೆ ಇದರ ಬೆಲೆ ಗೊತ್ತು. ಚರ್ಪ್ ಯಂತ್ರಕ್ಕೆ ಹಳೆಯ ಟ್ರಾನ್ಸ್‌ಡ್ಯೂಸರ್ ಸಿಕ್ಕಿಸಿದರೆ ಮಾತ್ರ ಹಣ ದಂಡ.

4. ಯಾವ ಮೀನು ಎಂಬುದನ್ನೂ ಎಣಿಸಿ. ಮರುಸದ್ದಿನ ಬಹುಪಾಲು ಬರುವುದು ಮೀನಿನ ಗಾಳಿಚೀಲದಿಂದ. ಬಂಗುಡೆ, ಬೂತಾಯಿ ದಂಡು ಗಟ್ಟಿಯಾಗಿ ಮೂಡುತ್ತದೆ. ಬೊಂಡಾಸಿಗೆ ಗಾಳಿಚೀಲವಿಲ್ಲ, ಸಿಗಡಿಗೂ ಇಲ್ಲ. ಅವು ಮಸುಕು ಮಂಜಿನ ಹಾಗೆ ಮಾತ್ರ ಕಾಣುವುದರಿಂದ ಹೆಚ್ಚಿನ ಫ್ರೀಕ್ವೆನ್ಸಿಯೇ ಮೇಲು.

5. ವ್ಯಾಟ್ ಮೋಹ ಬೇಡ. ಶಕ್ತಿ ದುಪ್ಪಟ್ಟಾದರೆ ಆಳ ದುಪ್ಪಟ್ಟಾಗುವುದಿಲ್ಲ. ನೂರು ಮೀಟರ್ ಒಳಗಿನ ದುಡಿಮೆಗೆ 600 ವ್ಯಾಟ್ ಸಾಕು. ಖಂಡದಂಚು ದಾಟುವವರು 1 ಕಿಲೋವ್ಯಾಟ್ ನೋಡಲಿ. ಯಂತ್ರದ ಶಕ್ತಿಯನ್ನು ಟ್ರಾನ್ಸ್‌ಡ್ಯೂಸರ್ ತಾಳಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

6. ಬೋಟಿನ ಮೈ ಯಾವುದು? ಮರದ ಬೋಟಿಗೆ ಟ್ರಾನ್ಸ್‌ಡ್ಯೂಸರ್‌ನ ಕವಚ ಕಂಚಿನದೇ ಆಗಬೇಕು. ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಕವಚ ಬಿರಿಯಬಹುದು, ಆಗ ತಳದಲ್ಲೇ ತೂತು. ಉಕ್ಕಿನ ಬೋಟಿಗೆ ಇದೇ ಕಂಚು ಶತ್ರು: ಉಪ್ಪುನೀರಲ್ಲಿ ಎರಡು ಲೋಹ ತಾಗಿದರೆ ಸುತ್ತಲಿನ ಉಕ್ಕು ಸವೆಯುತ್ತ ಹೋಗುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕವಚ ಕೇಳಿ. ತೂತು ಕೊರೆಯದೆ ಒಳಗಿನಿಂದಲೇ ಅಂಟಿಸುವ ಬಗೆ ಗಟ್ಟಿ ಫೈಬರ್ ತಳಕ್ಕೆ ಮಾತ್ರ. ಮರ, ಉಕ್ಕು, ನಡುವೆ ಫೋಮ್ ತುಂಬಿದ ಫೈಬರ್ ಇವಕ್ಕೆ ಆಗದು, ಮಾರುವವರು ಏನೇ ಹೇಳಲಿ.

7. ಗುಳ್ಳೆ ಇಲ್ಲದ ಜಾಗ ಹುಡುಕಿ. ಗಾಳಿಗುಳ್ಳೆ ಸದ್ದನ್ನು ತಡೆಯುತ್ತದೆ. ನಿಧಾನ ಓಡುವ ಭಾರದ ಬೋಟಿನಲ್ಲಿ ಮೂತಿಯಿಂದ ಹಿಂದಕ್ಕೆ ಉದ್ದದ ಮೂರನೇ ಒಂದು ಭಾಗ ಬಿಟ್ಟು ಕೂರಿಸುವುದು ವಾಡಿಕೆ: ಯಾವಾಗಲೂ ನೀರಲ್ಲಿರುವ, ಫ್ಯಾನಿನಿಂದ ದೂರದ ಜಾಗ. ಒಂದೇ ಫ್ಯಾನಿದ್ದರೆ, ಅದರ ರೆಕ್ಕೆ ಕೆಳಮುಖವಾಗಿ ತಿರುಗುವ ಬದಿ ಆರಿಸಿ; ಮೇಲಕ್ಕೆ ತಿರುಗುವ ಬದಿಯಲ್ಲಿ ಗದ್ದಲ ಹೆಚ್ಚು. ತಳ ಓರೆಯಾಗಿದ್ದರೆ ಟ್ರಾನ್ಸ್‌ಡ್ಯೂಸರ್‌ನ ಮುಖ ನೆಟ್ಟಗೆ ಕೆಳಗೆ ನೋಡುವಂತೆ ಅಡಿಗಟ್ಟೆ ಕೊಡಿ, ಇಲ್ಲವೇ ಒಳಗೇ ಓರೆ ಇಟ್ಟ ಮಾದರಿ ಕೊಳ್ಳಿ.

8. ಪರ್ಸೀನ್ ಬೋಟಿನವರೇ, ಫಿಶ್ ಫೈಂಡರ್ ನೋಡುವುದು ಬುಡದ ನೀರನ್ನಷ್ಟೆ. ದಂಡು ಸುತ್ತುವರಿಯಲು ಬದಿಗೂ ನೋಡುವ ಸ್ಕ್ಯಾನಿಂಗ್ ಸೋನಾರ್ ಬೇಕು. ಅದರ ಬೆಲೆಯೂ ಬೇರೆ, ತಳದಲ್ಲಿ ಅದು ಕೇಳುವ ಜಾಗವೂ ಬೇರೆ.

9. ಕೇಬಲ್ ಕತ್ತರಿಸಬೇಡಿ. ಉದ್ದ ಹೆಚ್ಚಾದರೆ ಸುರುಳಿ ಸುತ್ತಿಡಿ. ಆಲ್ಟರ್ನೇಟರ್, ವೈರ್‌ಲೆಸ್ ತಂತಿಗಳಿಂದ ದೂರ ಎಳೆಯಿರಿ.

10. ಬಣ್ಣ ಬಳಿಯುವವರಿಗೆ ಮೊದಲೇ ಹೇಳಿಡಿ. ಟ್ರಾನ್ಸ್‌ಡ್ಯೂಸರ್‌ಗೆ ಚಿಪ್ಪುಜೀವಿ ಅಂಟಿದರೆ ಸದ್ದು ಮಂದವಾಗುತ್ತದೆ, ನಿಜ. ಹಾಗೆಂದು ತಳದ ದಪ್ಪ ಬಣ್ಣವನ್ನೇ ಅದರ ಮುಖಕ್ಕೂ ಬಳಿದರೆ ಕೆಲಸ ಕೆಟ್ಟಿತು. ನೀರು ಬೆರೆಸುವ ಬಗೆಯ ಚಿಪ್ಪುನಿರೋಧಕ ಬಣ್ಣದ ತೆಳು ಲೇಪ ಸಾಕು. ತಿನ್ನರ್ ಸೋಕಿದರೆ ಪ್ಲಾಸ್ಟಿಕ್ ಮುಖ ಹಾಳು. ಬೋಟು ನೀರಿಗಿಳಿದ ತಕ್ಷಣ ಒಳಗಿಳಿದು ತೂತಿನ ಸುತ್ತ ಕೈಯಾಡಿಸಿ ನೋಡಿ, ಮರದ ಬೋಟಾದರೆ ಮರುದಿನ ಮತ್ತೊಮ್ಮೆ. ತೇವ ಕಂಡರೆ ಆಗಸ್ಟ್ ಒಂದಕ್ಕೆ ಎಷ್ಟೇ ಅವಸರವಿದ್ದರೂ ಹೊರಡಬೇಡಿ.